ನೊಗ್ಲಿ ತರಲು ಹೋದ ಭಾನುವಾರಗಳು

“ಮಾಸ್ತರ್ರೆ, ನೀವು ಮೀನು ತಿಂಬವ್ರಲ್ಲ. ಹಿಡ್ದು ಎಂತ ಮಾಡ್ತ್ರಿ?”

ಆಕೆ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹಿರೇಗುತ್ತಿಯ ಹೊಳೆದಂಡೆಯಲ್ಲಿ ತೆಂಗಿನ ಗರಿಯ ಮಾಡಿನ ಕೆಳಗೆ ಕೂತು, ಬೇಯಿಸಿದ ಬಳಚಿನ ಚಿಪ್ಪು ಬಿಡಿಸುತ್ತಿದ್ದಳು. ನೀರು ಇಳಿದ ಹೊತ್ತಿನಲ್ಲಿ ಹೊಳೆಗೆ ಇಳಿದು ಕೆಸರಿನಿಂದ ಈ ಚಿಪ್ಪುಮೀನು ಆಯುವುದು ಆಕೆಯ ಕೆಲಸ. ಗಂಡ ಗೋವಾದ ಕಡೆ ಟ್ರಾಲರಿನಲ್ಲಿ ದುಡಿಯುತ್ತಿದ್ದ. ಅವನ ಪಾತಿ, ಅಂದರೆ ಒಬ್ಬರು ಕೂತು ಗಳ ಊರಿ ತಳ್ಳಿಕೊಂಡು ಹೋಗುವಂಥ ಸಣ್ಣ ದೋಣಿ, ದಂಡೆಯ ಕಾಂಡ್ಲಾ ಗಿಡಕ್ಕೆ ಕಟ್ಟಿದ್ದು ಹಾಗೇ ಬಿದ್ದಿತ್ತು. ಆಕೆಯ ಮಗಳು ಕುಮಟಾದ ಹೈಸ್ಕೂಲಿನಲ್ಲಿ ನನ್ನ ಹತ್ತಿರ ಗಣಿತ ಕಲಿತವಳು. ಆ ಸಲುಗೆಯಿಂದ ದೋಣಿ ಬಾಡಿಗೆಗೆ ಕೇಳಲು ಹೋಗಿದ್ದೆ.

“ಮನೆಯವಳಿಗೆ ಬೇಕಾಗಿತ್ತು” ಎಂದೆ.

ಆಕೆ ನನ್ನನ್ನು ಒಮ್ಮೆ ಕಾಲಿನಿಂದ ತಲೆಯವರೆಗೆ ನೋಡಿದಳು. ಇಸ್ತ್ರಿ ಮಾಡಿದ ಪ್ಯಾಂಟು, ಕೈಯಲ್ಲಿ ಪೇಟೆಯಿಂದ ತಂದ ಹೊಚ್ಚ ಹೊಸ ಗಾಳ, ಇನ್ನೂ ಪ್ಲಾಸ್ಟಿಕ್ಕು ಬಿಚ್ಚದ್ದು. ನಗು ತಡೆಯಲು ಸೆರಗು ಬಾಯಿಗೆ ಹಿಡಿದಳು. ಆಮೇಲೆ, “ಬಾಡಿಗೆ ಗೀಡಿಗೆ ಎಂತ ಬ್ಯಾಡ. ನಿಮ್ಮ ಮನೆ ಬದಿ ಅಪ್ಪೆಮಿಡಿ ಉಪ್ಪಿನಕಾಯಿ ಇದ್ರೆ ತನ್ನಿ. ನಂಗೆ ಗಂಜಿ ಸಂತಿಗೆ ಅದು ಬೇಕು” ಎಂದಳು. ಹೀಗೆ ಒಂದು ಭರಣಿ ಉಪ್ಪಿನಕಾಯಿಗೆ ಒಂದು ದೋಣಿ ನನ್ನ ಕೈಗೆ ಬಂತು.

ನನ್ನ ಹೆಂಡತಿ ಬೆಳಕೆಯವಳು. ಭಟ್ಕಳದ ಆಚೆ, ಹೊಳೆ ಸಮುದ್ರಕ್ಕೆ ಸೇರುವ ಕಡೆ ಅವಳ ತವರು. ಅವಳ ಅಪ್ಪ ಗದ್ದೆ ಕೆಲಸ ಮುಗಿದ ಮೇಲೆ ಗಾಳ ಹಿಡಿದು ಹೊರಡುತ್ತಿದ್ದವರು. ನಾನು ಅಡಿಕೆ ತೋಟದವರ ಮನೆಯಲ್ಲಿ ಹುಟ್ಟಿ, ಮೀನು ಮಾರುಕಟ್ಟೆಯ ಮುಂದೆ ಮೂಗಿಗೆ ಕರವಸ್ತ್ರ ಹಿಡಿದು ಹೋಗುವುದನ್ನು ಕಲಿತವನು. ಕುಮಟಾದಲ್ಲಿ ಇಬ್ಬರೂ ಬಿ.ಎಡ್. ಮಾಡುವಾಗ ಪರಿಚಯವಾಯಿತು, ಮದುವೆಯೂ ಆಯಿತು. ಗೊಣಗುವವರು ಗೊಣಗಿ ಸುಮ್ಮನಾದರು. ಮೀನು ಬಿಡು ಎಂದು ಅವಳಿಗೆ ಯಾರೂ ಹೇಳಲಿಲ್ಲ. ಮನೆಯೊಳಗೆ ಕಾಲಿಟ್ಟ ದಿನವೇ ಅವಳು ತಾನಾಗಿ ಬಿಟ್ಟಳು. ಅಷ್ಟೇ ಅಲ್ಲ, ವರ್ಷ ಕಳೆಯುವುದರೊಳಗೆ ನಮ್ಮ ಮನೆಯ ‘ಇದ್ದು’, ‘ಇಲ್ಲೆ’, ‘ಬತ್ತೆ’ಗಳನ್ನು ನನಗಿಂತ ಚೆನ್ನಾಗಿ ಆಡತೊಡಗಿದಳು. ಹೊಸಬರು ಬಂದರೆ ಅವಳೇ ಆ ಮನೆಯ ಮಗಳು, ನಾನು ಹೊರಗಿನಿಂದ ಬಂದ ಅಳಿಯ ಎಂದುಕೊಳ್ಳಬೇಕು, ಹಾಗೆ.

ಬೆಳಕೆಗೆ ಹೋದಾಗಲೂ ಅವಳು ಮೀನು ತಿನ್ನುತ್ತಿರಲಿಲ್ಲ. ಅಳಿಯ ಬರುತ್ತಾನೆಂದು ಅತ್ತೆ ಅಂದು ಇಡೀ ಮನೆಗೆ ಬೇಳೆಸಾರು ಮಾಡಿಬಿಡುತ್ತಿದ್ದರು. ಮಾವ ಬಾಯಿ ಬಿಡದೆ ಉಂಡು, ಕೈ ತೊಳೆದು, ಅಂಗಳದ ತುದಿಗೆ ಹೋಗಿ ಹೊಳೆ ನೋಡುತ್ತ ನಿಲ್ಲುತ್ತಿದ್ದರು. ಈಗ ಇಬ್ಬರೂ ಇಲ್ಲ. ಮನೆ ಬೇರೆಯವರ ಪಾಲಾಗಿದೆ.

ಕಳೆದ ಮಳೆಗಾಲದಲ್ಲಿ ಅವಳಿಗೆ ಮಂಗಳೂರಿನಲ್ಲಿ ಹೊಟ್ಟೆಯ ಆಪರೇಷನ್ ಆಯಿತು. ಆಮೇಲಿನ ಔಷಧದಿಂದ ನಾಲಿಗೆಯ ರುಚಿ ಸತ್ತುಹೋಯಿತು. ನಾನು ರಜೆ ಹಾಕಿ ಅಡುಗೆಗೆ ನಿಂತೆ. ತಂಬುಳಿ, ಅಪ್ಪೆಹುಳಿ, ದೊಡ್ಡಪತ್ರೆ ಚಟ್ನಿ, ಹಾಲುಗಂಜಿ, ಅಮ್ಮನಿಂದ ಕಲಿತದ್ದು, ಫೋನ್ ನೋಡಿ ಕಲಿತದ್ದು, ಎಲ್ಲ ಮಾಡಿದೆ. ಎರಡು ಚಮಚ ಬಾಯಿಗೆ ಹಾಕಿ, “ಬಾಯಿಗೆ ರುಚಿನೇ ಇಲ್ಲೆ” ಎಂದು ತಟ್ಟೆ ಸರಿಸುತ್ತಿದ್ದಳು. ಬಳೆ ಮುಂಗೈಯಿಂದ ಮೊಣಕೈಗೆ ಜಾರುವಷ್ಟು ಸೊರಗಿದಳು. ಡಾಕ್ಟರು ನನ್ನನ್ನು ಹೊರಗೆ ಕರೆದು ಖಡಾಖಂಡಿತವಾಗಿ ಹೇಳಿದರು: ಮೈಯಲ್ಲಿ ಸ್ವಲ್ಪ ಶಕ್ತಿ ಬರದೆ ಮುಂದಿನ ಔಷಧ ಕೊಡಲಿಕ್ಕಾಗುವುದಿಲ್ಲ, ಅವರಿಗೆ ಬೇಕಾದ್ದು ತಿನ್ನಲಿ, ಒಟ್ಟು ತಿನ್ನಲಿ.

ಬೇಕಾದ್ದು ಯಾವುದು ಎಂದು ಕೇಳಿದರೆ ಅವಳು ಸುಮ್ಮನೆ ಗೋಡೆ ನೋಡುತ್ತಿದ್ದಳು. ಒಂದು ಮಧ್ಯಾಹ್ನ ನಿದ್ದೆಯಿಂದ ಎದ್ದವಳು, ಯಾರಿಗೂ ಅಲ್ಲ ಎಂಬಂತೆ, “ಅಪ್ಪ ನೊಗ್ಲಿ ತರ್ತಿದ್ದ. ಬಕೆಟಿನಲ್ಲಿ ಓಡಾಡ್ತಾ ಇರ್ತಿದ್ವು” ಎಂದಳು. ಆಮೇಲೆ ನಾನಿರುವುದು ಕಂಡು ನೀರು ಕೇಳಿದಳು. ಹೇಳಿದ್ದನ್ನು ಮತ್ತೆ ಹೇಳಲಿಲ್ಲ.

ನೊಗ್ಲಿ ಎಂದರೇನೆಂದು ನನಗೆ ಸಹೋದ್ಯೋಗಿಯೊಬ್ಬರು ಹೇಳಿಕೊಡಬೇಕಾಯಿತು. ತೆಳ್ಳಗೆ ಉದ್ದ, ಬಿಳಿ ಬಣ್ಣ, ಮೂತಿ ಚೂಪು, ಆಳವಿಲ್ಲದ ನೀರಿನ ಮರಳಿನಲ್ಲಿ ಮೇಯುವ ಮೀನು. ಕುಮಟಾದ ಮಾರುಕಟ್ಟೆಯಿಂದ ಒಳ್ಳೆಯದನ್ನೇ ತಂದೆ. ಪಕ್ಕದ ಮನೆಯವರು ಸಾರು ಮಾಡಿಕೊಟ್ಟರು. ಅವಳು ಮೂಗಿನ ಹತ್ತಿರ ತಂದು, “ಐಸಿನ ವಾಸನೆ” ಎಂದು ಕೆಳಗಿಟ್ಟಳು. ಆ ಸಾರನ್ನು ಹಿತ್ತಲಿನ ಬೆಕ್ಕು ತಿಂದಿತು. ನನಗೆ ಸಿಟ್ಟು ಬಂತು, ಬೆಕ್ಕಿನ ಮೇಲೆ.

ದೋಣಿ ಕೊಟ್ಟ ಬಳಚಿನ ಅಕ್ಕನಿಗೆ ಹೇಳಿದ್ದರೆ ಯಾರಿಂದಲಾದರೂ ಆಗಷ್ಟೇ ಹಿಡಿದದ್ದು ತರಿಸಿ ಕೊಡುತ್ತಿದ್ದಳು. ಆಮೇಲೆ ಅದನ್ನೇ ಹೇಳಿ ಬೈದಳೂ ಕೂಡ. ಆದರೆ ಆ ಹೊತ್ತಿಗೆ ನನಗೆ ಹಟ ಹತ್ತಿತ್ತು. ಹೆಂಡತಿಯ ಅಪ್ಪ ತರುತ್ತಿದ್ದದ್ದು ತಕ್ಕಡಿಯಲ್ಲಿ ತೂಗಿದ ಮೀನಲ್ಲ. ಮನೆಯವರೇ ಹೋಗಿ ಮನೆಗೇ ತಂದದ್ದು. ಈಗ ಆ ಮನೆಯವರ ಜಾಗದಲ್ಲಿ ಇರುವವನು ನಾನೊಬ್ಬನೇ.

ಮೊದಲ ಭಾನುವಾರ ಬೆಳಿಗ್ಗೆ ಹೊರಟೆ. ನಮ್ಮ ಕಡೆ ಮನೆಯಿಂದ ಹೊರಡುವುದೆಂದರೆ ಸಣ್ಣ ಸಮಾರಂಭ. ಎಲ್ಲಿಗೆ, ಯಾಕೆ, ಊಟಕ್ಕೆ ಬರುವುದೋ ಇಲ್ಲವೋ ಎಂದು ಒಳಗಿನವರು ಕೇಳಬೇಕು, ಹೊರಡುವವರು ಹೇಳಬೇಕು. ಅವಳು ಇದನ್ನೂ ಕಲಿತಿದ್ದಳು. ಆಪರೇಷನ್ ಆದ ಮೇಲೂ, ರಜೆ ಮುಗಿದು ನಾನು ಶಾಲೆಗೆ ಹೊರಟರೆ ಗೋಡೆ ಹಿಡಿದುಕೊಂಡಾದರೂ ಗೇಟಿನ ತನಕ ಬಂದು, “ಡಬ್ಬಿ ತಗಂಡ್ರಾ?” ಎಂದು ಕೇಳಿ, ಸ್ಕೂಟರು ತಿರುವಿನಲ್ಲಿ ಮರೆಯಾಗುವವರೆಗೆ ನಿಲ್ಲುತ್ತಿದ್ದಳು. ಅಂದು ನಾನು ಗಾಳ ಎತ್ತಿ ತೋರಿಸಿ, ಇಡೀ ಕೇರಿಗೆ ಕೇಳುವಂತೆ, “ಹಿರೇಗುತ್ತಿಗೆ ಹೋಗಿ ಬತ್ತೆ. ಊಟದ ಹೊತ್ತಿಗೆ ಬತ್ತೆ. ನಿಂಗೆ ನೊಗ್ಲಿ ತಗಂಡೇ ಬತ್ತೆ!” ಎಂದೆ.

ಅವಳು ಬಾಗಿಲಲ್ಲಿ ನಿಂತಿದ್ದವಳು ಗಾಳ ನೋಡಿದಳು. ಮುಖ ಒಂದು ಥರ ಆಯಿತು. ಮಾತಿಲ್ಲ, ಕತೆಯಿಲ್ಲ, ತಿರುಗಿ ಒಳಗೆ ಹೋದಳು. ಗೇಟಿನ ಹತ್ತಿರ ಹೋಗಿ ತಿರುಗಿ ನೋಡಿದೆ. ಬಾಗಿಲು ಖಾಲಿ.

ಅಂದು ಹೊಳೆಯಲ್ಲಿ ಆದದ್ದನ್ನು ನನ್ನ ವಿದ್ಯಾರ್ಥಿಗಳು ಕಂಡಿದ್ದರೆ ಮರುದಿನದಿಂದ ನನಗೆ ಹೆದರುವುದನ್ನು ಬಿಡುತ್ತಿದ್ದರು. ಎರೆಗೆಂದು ಗೋಧಿಹಿಟ್ಟು ಕಲಸಿಕೊಂಡು ಹೋಗಿದ್ದೆ, ಬೇರೆಯದನ್ನು ಮುಟ್ಟಲು ಹೇಸಿಗೆ. ಅದು ನೀರಿಗೆ ಬಿದ್ದ ಕೂಡಲೇ ಕರಗುತ್ತಿತ್ತು. ಗಳ ಊರಿದರೆ ಗಳ ಕೆಸರಲ್ಲಿ ನಿಲ್ಲುತ್ತಿತ್ತು, ದೋಣಿ ಮುಂದೆ ಹೋಗುತ್ತಿತ್ತು, ನಾನು ಎರಡರ ನಡುವೆ. ಹೇಗೋ ಹೊಳೆಯ ಮಧ್ಯದ ಆಳವಿಲ್ಲದ ನೀರಿಗೆ ಹೋಗಿ ಗಾಳ ಬಿಟ್ಟು ಕೂತೆ. ಸುತ್ತ ಕನ್ನಡಿಯ ಹಾಗೆ ನೀರು, ಆಚೆ ಕಾಂಡ್ಲಾದ ಹಸಿರು. ಚೆನ್ನಾಗಿದೆ ಎಂದು ನೋಡುತ್ತಿರುವಾಗಲೇ ನೀರು ಇಳಿಯಿತು. ನೀರು ಹೀಗೂ ಸದ್ದಿಲ್ಲದೆ ಹೋಗುತ್ತದೆಂದು ನನಗೆ ಗೊತ್ತಿರಲಿಲ್ಲ. ಪಾತಿ ಕೆಸರಿನ ಮೇಲೆ ಕೂತಿತು, ಪಾತಿಯಲ್ಲಿ ನಾನು ಕೂತಿದ್ದೆ. ಇಳಿದರೆ ಕಾಲು ಮೊಣಕಾಲಿನವರೆಗೆ ಹುಗಿಯುತ್ತಿತ್ತು.

ಬಳಚು ಆಯಲು ಬಂದ ಹೆಂಗಸರು ಅತ್ತಿತ್ತ ಹೋಗುತ್ತ ನನ್ನನ್ನು ನೋಡಿ ನಗುತ್ತಿದ್ದರು. ದೋಣಿಯ ಒಡತಿ ಬುಟ್ಟಿ ಹಿಡಿದು ಹತ್ತಿರ ಬಂದಳು.

“ಎಂತ ಮಾಸ್ತರ್ರೆ, ಇಲ್ಲೇ ಉಳ್ದ್ರಾ?”

“ನೀರು ಯಾವಾಗ ಬರ್ತದೆ ಅಕ್ಕಾ?”

“ಬತ್ತದೆ. ಅದಕ್ಕೇನು ನಿಮ್ಮ ಬೆಲ್ ಕೇಳ್ತದಾ?”

ಭರತಿ ಬಂದು ದೋಣಿ ಎದ್ದು ನಾನು ಮನೆ ಸೇರುವಾಗ ಸಂಜೆ. ಅವಳು ಬರಿಗೈ ನೋಡಿದಳು. ಕೆಸರು ಕಂಡು ಬಚ್ಚಲಲ್ಲಿ ಬಿಸಿನೀರು ಕಾಯಿಸಿಟ್ಟದ್ದು ತೋರಿಸಿದಳು. ನನ್ನ ಸಾಹಸದ ಬಗ್ಗೆ ಒಂದು ಮಾತು ಕೇಳಲಿಲ್ಲ. ಅಂದು ಅವಳು ಉಂಡದ್ದು ಅರ್ಧ ಲೋಟ ಗಂಜಿ.

ಭಾನುವಾರಗಳು ಹೀಗೇ ಹೋದವು. ಹೊಳೆಯ ನೀರಿಗೆ ಭಾನುವಾರವೆಂದರೆ ಗೊತ್ತಿಲ್ಲ. ಒಂದು ವಾರ ಬೆಳಿಗ್ಗೆ ಇಳಿತವಿದ್ದರೆ ಮುಂದಿನ ವಾರ ಅದೇ ಹೊತ್ತಿಗೆ ತುಂಬಿ ನಿಂತಿರುತ್ತಿತ್ತು. ಹಿಟ್ಟು ಬಿಟ್ಟು, ಅಕ್ಕ ಕೊಟ್ಟ ಹಸಿ ಬಳಚಿನ ಮಾಂಸವನ್ನು ಕಣ್ಣು ಅರ್ಧ ಮುಚ್ಚಿ ಗಾಳಕ್ಕೆ ಸಿಕ್ಕಿಸಲು ಕಲಿತೆ. ಮೀನಿನ ವಿಷಯದಲ್ಲಿ ಆಕೆಯೂ ನನ್ನಷ್ಟೇ ದೊಡ್ಡ ಪಂಡಿತೆ. “ನಂಗೆ ಮೀನ್ ಹಿಡೂದ್ ಗೊತ್ತಿಲ್ಲ, ನಾ ಬಳಚಿನವಳು. ಅಲ್ಲಿ ಹಾಕಿ ನೋಡಿ, ಇಲ್ಲಿ ಹಾಕಿ ನೋಡಿ” ಎನ್ನುತ್ತಿದ್ದಳು. ನನಗೆ ಮೊದಲು ಸಿಕ್ಕ ಮೀನು ದೋಣಿಗೆ ಬಿದ್ದ ಕೂಡಲೇ ಚೆಂಡಿನ ಹಾಗೆ ಹೊಟ್ಟೆ ಊದಿಸಿಕೊಂಡು ನನ್ನನ್ನೇ ದುರುಗುಟ್ಟಿ ನೋಡಿತು. ನಾನು ಕೂಗಿದ್ದು ಆಚೆ ದಂಡೆಗೆ ಕೇಳಿತಂತೆ. ಅದು ತಿನ್ನುವ ಮೀನಲ್ಲ ಎಂದು ಅಕ್ಕ ನಗುತ್ತ ಕೋಲಿನಿಂದ ನೀರಿಗೆ ತಳ್ಳಿದಳು.

ಪ್ರತಿ ಸಲ ಹೊರಡುವಾಗ ನಾನು ಇನ್ನೂ ಜೋರಾಗಿ ಹೇಳುತ್ತಿದ್ದೆ, “ಇವತ್ತು ಖಂಡಿತ ತತ್ತೆ!” ಪ್ರತಿ ಸಲ ಅವಳು ಗಾಳ ಕಂಡ ಕೂಡಲೇ ಬೆನ್ನು ತಿರುಗಿಸಿ ಒಳಗೆ ಹೋಗುತ್ತಿದ್ದಳು. ನನ್ನ ಮೈಯೆಲ್ಲ ಉರಿಯುತ್ತಿತ್ತು. ಯಾರಿಗಾಗಿ ಈ ವಯಸ್ಸಿನಲ್ಲಿ ಕೆಸರು ಹೊರುತ್ತಿದ್ದೇನೆ? ಒಮ್ಮೆ ತಿರುಗಿ ನೋಡಿದರೆ ಇವಳ ಗಂಟೇನು ಹೋಗುತ್ತದೆ? ಆಮೇಲೆ ದೋಣಿಯಲ್ಲಿ ಕೂತಾಗ ಸಿಟ್ಟು ಇಳಿದು ಹೆದರಿಕೆಯಾಗುತ್ತಿತ್ತು. ಅನ್ನದ ಮೇಲಿನ ಆಸೆ ಬಿಟ್ಟವಳು ಒಂದೊಂದಾಗಿ ಎಲ್ಲದರ ಮೇಲಿನ ಆಸೆಯನ್ನೂ ಬಿಡುತ್ತಿದ್ದಾಳೆಯೇ? ನನ್ನ ಮೇಲಿನದನ್ನೂ? ಶಾಲೆಗೆ ಹೊರಟಾಗ ಗೇಟಿನ ತನಕ ಬರುವುದು ಬರೀ ರೂಢಿಯೇ? ನಾನು ಪಕ್ಕದಲ್ಲೇ ಇದ್ದೂ, ಅವಳು ತಟ್ಟೆ ಸರಿಸಿದಾಗಲೆಲ್ಲ, ದೂರದ ಊರಿನಲ್ಲಿರುವವರನ್ನು ನೆನೆದ ಹಾಗೆ ಅವಳನ್ನು ನೆನೆಯುತ್ತಿದ್ದೆ.

ಇದನ್ನು ಒಂದು ದಿನ ಬಳಚಿನ ಅಕ್ಕನ ಮುಂದೆ ತೋಡಿಕೊಂಡೆ. ಇಷ್ಟು ಕಷ್ಟಪಟ್ಟರೂ ಮನೆಯಲ್ಲಿ ಒಂದು ಒಳ್ಳೆಯ ಮಾತಿಲ್ಲ, ಹೇಳಿ ಹೊರಟರೂ ಮುಖ ತಿರುಗಿಸಿಕೊಂಡು ಒಳಗೆ ಹೋಗುತ್ತಾಳೆ ಎಂದೆ.

ಆಕೆ ಚಿಪ್ಪು ಬಿಡಿಸುವ ಕೈ ನಿಲ್ಲಿಸಿದಳು. “ಎಂತ ಹೇಳಿ ಹೊರಡ್ತ್ರಿ?”

“ಇನ್ನೇನು? ಎಲ್ಲಿಗೆ ಹೋಗ್ತೇನೆ, ಯಾವಾಗ ಬರ್ತೇನೆ, ಮೀನು ತರ್ತೇನೆ ಅಂತ.”

“ಅಯ್ಯ ದೇವ್ರೇ! ಮೀನಿಗೇ ಹೇಳ್ಕಳಿಸ್ದಂಗಾತಲ!” ಎಂದು ಆಕೆ ಹಣೆ ಚಚ್ಚಿಕೊಂಡಳು. “ಅವ್ರು ಎಲ್ಲಿ ಊರವ್ರು?”

“ಬೆಳಕೆ.”

“ಹಂಗೆ ಹೇಳಿ ಮತ್ತೆ.” ಆಕೆಯ ದನಿ ಮೆತ್ತಗಾಯಿತು. “ಗಂಡ್ಸ್ರು ಗಾಳ ಹಿಡ್ದು ಹೊರಟ್ರೆ ನಾವು ಎಲ್ಲಿ ಅಂತ ಕೇಳುಕಿಲ್ಲ, ಯಾವಾಗ ಬತ್ರಿ ಅಂತ ಕೇಳುಕಿಲ್ಲ. ಬೆನ್ನು ನೋಡ್ತಾ ನಿಲ್ಲುಕೂ ಇಲ್ಲ. ನಾನು ಮದುವೆ ಆದ ಹೊಸ್ತ್ರಲ್ಲಿ ದಣಪೆ ಬಾಗ್ಲ ಹತ್ರ ನಿಂತಿದ್ದೆ ಅಂತ ನಮ್ಮತ್ತೆ ಬೈದಿದ್ದು ಈಗ್ಲೂ ಕಿವಿಲಿದೆ. ತಿರುಗಿ ಬರ್ಲಿ ಅಂತ್ಲೇ ತಿರುಗಿ ನೋಡೂದಿಲ್ಲ, ಮಾಸ್ತರ್ರೆ. ಇವ್ರು ಗೋವಾಕ್ಕೆ ಹೋಗುವಾಗ್ಲೂ ನಾ ಒಳಗೇ ಇದ್ದೆ. ಒಲೆ ಮುಂದೆ ಕೂತಿದ್ದೆ.”

ಆಕೆ ಮತ್ತೆ ಚಿಪ್ಪು ಬಿಡಿಸತೊಡಗಿದಳು.

ಸ್ಕೂಟರಿನಲ್ಲಿ ವಾಪಸು ಬರುವಾಗ ಹೆದ್ದಾರಿಯ ಬದಿಗೆ ನಿಲ್ಲಿಸಿ ಕನ್ನಡಕ ಒರೆಸಿಕೊಳ್ಳಬೇಕಾಯಿತು. ಶಾಲೆಗೆ ಹೊರಟ ಮಾಸ್ತರನನ್ನು ಅವಳು ನಮ್ಮ ಮನೆಯ ರೀತಿಯಲ್ಲಿ ಗೇಟಿನ ತನಕ ಬಂದು ಕಳಿಸುತ್ತಿದ್ದಳು. ಗಾಳ ಹಿಡಿದು ಹೊರಟವನನ್ನು ತನ್ನ ಮನೆಯ ರೀತಿಯಲ್ಲಿ ಕಳಿಸುತ್ತಿದ್ದಳು. ಅಪ್ಪನನ್ನು ಅವಳ ಅಮ್ಮ ಕಳಿಸಿದ ಹಾಗೆ. ನಾನೊಬ್ಬ ಕೇರಿಗೆಲ್ಲ ಡಂಗುರ ಸಾರುತ್ತ ಹೊರಟರೆ, ಒಳಗೆ ಅವಳ ಎದೆ ಎಷ್ಟು ಹೊಡೆದುಕೊಂಡಿತೋ.

ಮುಂದಿನ ಭಾನುವಾರ ನಾನು ಬಾಯಿ ಬಿಡಲಿಲ್ಲ. ಅವಳು ಬಾಗಿಲಲ್ಲಿದ್ದಳು. ಗೋಡೆಗೆ ಒರಗಿಸಿದ್ದ ಗಾಳ ತೆಗೆದುಕೊಂಡೆ, ಬಕೆಟ್ ತೆಗೆದುಕೊಂಡೆ, ಚಪ್ಪಲಿ ಮೆಟ್ಟಿದೆ. ಅವಳು ಒಂದು ಕ್ಷಣ ಕಾದಳು, ನನ್ನ ಕೂಗಿಗೆ. ಕೂಗು ಬರಲಿಲ್ಲ. ಆಗ ಅವಳು ನನ್ನ ಮುಖವನ್ನು ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ. ಆಮೇಲೆ ಒಳಗೆ ಹೋದಳು. ನಾನೂ ತಿರುಗಿ ನೋಡಲಿಲ್ಲ.

ಅಂದು ಮೀನು ಸಿಕ್ಕಿತು. ಸುಮ್ಮನೆ ಹೊರಟದ್ದಕ್ಕೇ ಸಿಕ್ಕಿತೆಂದು ಹೇಳಿದರೆ ಗಣಿತದ ಮಾಸ್ತರನಾಗಿ ನನಗೆ ಮರ್ಯಾದೆಯಲ್ಲ. ನೀರು ಆಗಷ್ಟೇ ಏರತೊಡಗಿತ್ತು, ಮರಳಿನ ದಿಬ್ಬದ ಅಂಚಿನಲ್ಲಿ ದೋಣಿ ನಿಲ್ಲಿಸಿದ್ದೆ, ಬಳಚಿನ ಮಾಂಸ ಹೊಸದಿತ್ತು. ದಾರ ಸಣ್ಣಗೆ ನಡುಗಿತು, ಆಮೇಲೆ ಜಗ್ಗಿತು. ಎಳೆದರೆ ಬೆಳ್ಳಗೆ, ಉದ್ದಕ್ಕೆ, ಚೂಪು ಮೂತಿಯದು. ಅದನ್ನು ಗಾಳದಿಂದ ಬಿಡಿಸುವಾಗ ನನ್ನ ಅಂಗೈಯಲ್ಲಿ ಅದರ ಜೀವ ಒದ್ದಾಡಿದ್ದು ಇನ್ನೂ ಅಂಗೈಯಲ್ಲಿದೆ. ತಪ್ಪಾಯಿತು ಎಂದು ಅದಕ್ಕೆ ಬಾಯಿಬಿಟ್ಟು ಹೇಳಿದೆ. ಹೇಳಿ, ಹೊಳೆನೀರು ತುಂಬಿದ ಬಕೆಟಿಗೆ ಬಿಟ್ಟೆ. ಅದರ ಹಿಂದೆ ಇನ್ನೂ ಕೆಲವು ಬಂದವು. ಅಕ್ಕ ದಂಡೆಯಲ್ಲಿ ನಿಂತು ಬಕೆಟಿನೊಳಗೆ ಬಗ್ಗಿ ನೋಡಿ, “ನೊಗ್ಲಿ ಹೌದು. ಬೇಗ ಹೋಗಿ” ಎಂದಳು.

ಸ್ಕೂಟರಿನ ಮುಂದೆ ಕಾಲಿನ ನಡುವೆ ಬಕೆಟ್ ಇಟ್ಟು ಹೆದ್ದಾರಿಯಲ್ಲಿ ಬರುವಾಗ ಪ್ಯಾಂಟೆಲ್ಲ ಒದ್ದೆ. ಮನೆ ಮುಟ್ಟಿ ಬಕೆಟನ್ನು ಹಿತ್ತಲಿನ ಕಟ್ಟೆಯ ಮೇಲಿಟ್ಟೆ. ಅವಳು ಬಂದು ನೋಡಿದಳು. ಮೀನುಗಳು ಓಡಾಡುತ್ತಿದ್ದವು. ಅವಳು ಬಕೆಟಿಗೆ ಕೈ ಹಾಕಿ, ಹಿಡಿಯದೆ, ಅವು ಬೆರಳಿಗೆ ತಾಗುತ್ತ ಹೋಗುವುದನ್ನು ನೋಡುತ್ತ ಕೂತಳು.

ಹಿತ್ತಲಿನಲ್ಲಿ ಬಟ್ಟೆಯ ಕ್ಲಿಪ್ಪು ಹಾಕಿಡುವ ಒಂದು ಮಣ್ಣಿನ ಗಡಿಗೆಯಿತ್ತು. ಮದುವೆಯಾಗಿ ಬಂದಾಗ ತವರಿನಿಂದ ತಂದದ್ದು. ಅದು ಕ್ಲಿಪ್ಪಿನ ಗಡಿಗೆಯೆಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಅವಳು ಕ್ಲಿಪ್ಪುಗಳನ್ನು ಕಟ್ಟೆಯ ಮೇಲೆ ಸುರಿದು ಗಡಿಗೆ ತೊಳೆದಳು. ಬೂದಿ ಹಚ್ಚಿ, ಮೆಟ್ಟುಗತ್ತಿಯ ಮುಂದೆ ಕೂತು ಮೀನು ಹೆರೆದಳು. ತೆಂಗಿನಕಾಯಿ, ಮೆಣಸು, ಹುಳಿಗೆ ಮುರುಗಲು, ಘಮಕ್ಕೆ ಎಲ್ಲಿಂದಲೋ ಹುಡುಕಿದ ನಾಲ್ಕು ಜುಮ್ಮನಕಾಯಿ. ಬಚ್ಚಲೊಲೆಯ ಮೇಲೆ ಗಡಿಗೆ ಇಟ್ಟಳು. ನಡುನಡುವೆ ಸುಸ್ತಾಗಿ ಕೂರುತ್ತಿದ್ದಳು. ನಾನು ಮಾಡುತ್ತೇನೆ ಎಂದರೆ ಕೈಯಾಡಿಸಿ ದೂರ ಸರಿಸಿದಳು.

ಆಮೇಲೆ ಹಿತ್ತಲ ಕಟ್ಟೆಯಲ್ಲೇ ಕೂತು ಉಂಡಳು. ತಿಂಗಳುಗಟ್ಟಲೆಯಿಂದ ಕೈಯಲ್ಲಿದ್ದ ಚಮಚ ತಟ್ಟೆಯ ಪಕ್ಕದಲ್ಲಿ ಬಿದ್ದಿತ್ತು. ಕುಚಲಕ್ಕಿ ಅನ್ನಕ್ಕೆ ಸಾರು ಸುರಿದು ಐದೂ ಬೆರಳು ಹಾಕಿ ಕಲಸಿದಳು. ಮೀನಿನ ಬೆನ್ನಿಗೆ ಹೆಬ್ಬೆರಳು ಒತ್ತಿ ನಡುಮುಳ್ಳನ್ನು ಒಂದೇ ಸಲಕ್ಕೆ ಎತ್ತಿ ತಟ್ಟೆಯ ಅಂಚಿಗಿಟ್ಟಳು. ತಲೆಯನ್ನು ಬಾಯಿಗಿಟ್ಟು ಸೊರ್ ಎಂದು ಎಳೆದಳು. ನಮ್ಮ ಮನೆಯ ಪಂಕ್ತಿಯಲ್ಲಿ ಸದ್ದಿಲ್ಲದೆ ಉಣ್ಣುವುದರಲ್ಲಿ ಹೆಸರಾದವಳು. ಬಾಯಿಯೊಳಗೇ ಸಣ್ಣ ಮುಳ್ಳು ಬೇರೆ ಮಾಡಿ ತುಟಿಯಂಚಿಗೆ ತರುತ್ತಿದ್ದಳು, ಬೆರಳು ತೆಗೆದುಕೊಳ್ಳುತ್ತಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಆ ಕೈ ನಾನು ಕಂಡ ಕೈಯಲ್ಲ. ಇಷ್ಟು ವರ್ಷ ಇವಳು ನನ್ನ ಪಕ್ಕದಲ್ಲಿ ಕೂತು ಎಲೆ ಖಾಲಿ ಮಾಡುತ್ತಿದ್ದಳು, ಅಷ್ಟೇ. ಇವಳು ಊಟ ಮಾಡುವುದನ್ನು ನಾನು ನೋಡಿರಲೇ ಇಲ್ಲ.

ಅವಳು ತಲೆಯೆತ್ತಿದಳು. “ಎಂತ ನೋಡ್ತ್ರಿ? ಉಂಬುದ್ ಕಂಡಿಲ್ವಾ?” ಎಂದಳು, ಬೆಳಕೆಯ ಮಾತಿನಲ್ಲಿ.

“ಇಲ್ಲೆ” ಎಂದೆ.

ಅವಳು ನಕ್ಕಳು. “ಅಪ್ಪ ಇದ್ಕಿಂತ ದೊಡ್ಡದು ತರ್ತಿದ್ದ” ಎಂದಳು. ಆಮೇಲೆ ತಟ್ಟೆ ನನ್ನ ಕಡೆ ತಳ್ಳಿ, “ಇನ್ನೊಂಚೂರು ಅನ್ನ ಹಾಕಿ” ಎಂದಳು. ಬಡಿಸುವ ಗಡಿಬಿಡಿಯಲ್ಲಿ ನಾಲ್ಕು ಅಗುಳು ಕಟ್ಟೆಗೆ ಬಿದ್ದವು.

ಮುಂದಿನ ಔಷಧ ಈಗ ಶುರುವಾಗಿದೆ. ಅದು ಕೊಟ್ಟ ವಾರ ಅವಳಿಗೆ ಏನೂ ಸೇರುವುದಿಲ್ಲ, ಆಮೇಲೆ ಮೆಲ್ಲಗೆ ಸೇರುತ್ತದೆ. ಕ್ಲಿಪ್ಪುಗಳು ಒಂದು ಹಳೆಯ ಡಬ್ಬಿಯಲ್ಲಿವೆ. ನಾನು ಭಾನುವಾರ ಹೊಳೆಗೆ ಹೋಗುತ್ತೇನೆ, ಸಿಕ್ಕರೆ ತರುತ್ತೇನೆ. ಹಿರೇಗುತ್ತಿಗೆ ಈ ವರ್ಷದ ಉಪ್ಪಿನಕಾಯಿಯೂ ಹೋಗಿದೆ. ಹೊರಡುವಾಗ ನಾನು ಏನೂ ಹೇಳುವುದಿಲ್ಲ, ಅವಳು ಏನೂ ಕೇಳುವುದಿಲ್ಲ, ಇದರ ಬಗ್ಗೆ ನಾವಿಬ್ಬರೂ ಇವತ್ತಿನವರೆಗೆ ಮಾತಾಡಿಲ್ಲ. ಗಾಳ ಕಂಡ ಕೂಡಲೇ ಅವಳು ಒಳಗೆ ಹೋಗುತ್ತಾಳೆ. ಯಾಕೆಂದು ನನಗೆ ಗೊತ್ತು. ಆದರೂ ಗೇಟಿನ ಚಿಲಕ ಹಾಕುವಾಗ ನನ್ನ ಕೈ ನಿಧಾನವಾಗುತ್ತದೆ. ಒಮ್ಮೆ, ಒಂದೇ ಸಲ, ಅವಳು ಬಾಗಿಲಿಗೆ ಬಂದು ನನ್ನ ಬೆನ್ನು ನೋಡಲಿ ಅನ್ನಿಸುತ್ತದೆ.